ಗುಜರಿಯ ತಕ್ಕಡಿಗೆ ಏರುವ ಮುನ್ನ: ಹಳೆಯ ವೈಸ್ ಮತ್ತು ಕೈ ಹತಾರಗಳು

ನಮ್ಮ ಊರುಗಳಲ್ಲಿ ಹಳೆಯ ಮನೆ ಕೆಡವುವಾಗ, ಹಿತ್ತಿಲ ಕೊಟ್ಟಿಗೆ ಖಾಲಿ ಮಾಡುವಾಗ, ಇಲ್ಲವೇ ಒಂದು ಗ್ಯಾರೇಜು ಬಾಗಿಲು ಹಾಕುವಾಗ ಮೊದಲು ಬರುವವರು ಗುಜರಿ ವ್ಯಾಪಾರಿಗಳು. ಅವರ ತಕ್ಕಡಿಗೆ ಗೊತ್ತಿರುವುದು ಒಂದೇ ಪ್ರಶ್ನೆ: ಇದು ಎಷ್ಟು ಕಿಲೋ? ಮುರಿದ ಕಿಟಕಿ ಸರಳು, ಸವೆದ ನೇಗಿಲ ಕುಳ, ತಾತನ ಕಾಲದ ಬೆಂಚ್ ವೈಸ್ ಎಲ್ಲವೂ ಆ ತಕ್ಕಡಿಯಲ್ಲಿ ಬರಿಯ ಕಬ್ಬಿಣವೇ. ಇದರಲ್ಲಿ ವ್ಯಾಪಾರಿಯ ತಪ್ಪೇನೂ ಇಲ್ಲ. ಅದು ಅವರ ಕಸುಬು. ಆದರೆ ತಕ್ಕಡಿಗೆ ಏರಿಸುವ ಮುನ್ನ ಆ ವಸ್ತುವನ್ನು ಒಮ್ಮೆ ಓದಬೇಕಾದದ್ದು ನಮ್ಮ ಕೆಲಸ. ಓದುವುದು ಎಂದೆ. ಹತಾರದ ಮೇಲೂ ಬರಹವಿರುತ್ತದೆ: ತಯಾರಕರು ಹೊಡೆದ ಮುದ್ರೆ ಒಂದು, ಒಡೆಯರು ಹಾಕಿದ ಗುರುತು ಇನ್ನೊಂದು, ಕೆಲಸ ಉಳಿಸಿದ ಸವೆತ ಮತ್ತೊಂದು. ಈ ಮೂರನ್ನೂ ಓದುವುದು ಹೇಗೆ, ಓದಿದ ಮೇಲೆ ಅಂಥ ಹತಾರವನ್ನು ಮತ್ತೆ ಕೆಲಸಕ್ಕೆ ತರುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಈ ಮಾತನ್ನು ಗುಂಡ್ಲುಪೇಟೆಯನ್ನು ಮುಂದಿಟ್ಟುಕೊಂಡು ಆಡುವುದಕ್ಕೆ ಕಾರಣವಿದೆ. ಗುಂಡ್ಲುಪೇಟೆ ದಾರಿಗಳು ಕೂಡುವ ಊರು. ಒಂದು ದಾರಿ ನಂಜನಗೂಡಿನ ಮೇಲೆ ಮೈಸೂರಿಗೆ, ಒಂದು ಬಂಡೀಪುರದ ಕಾಡು ದಾಟಿ ಊಟಿಗೆ, ಒಂದು ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೆ, ಮತ್ತೊಂದು ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗುತ್ತದೆ. ಇಂಥ ಊರಿನಲ್ಲಿ ಎರಡು ಬಗೆಯ ಹತಾರಗಳು ಒಂದರ ಪಕ್ಕ ಒಂದು ಸೇರುವುದು ಸಹಜ. ಒಂದು, ಹಳ್ಳಿಯ ಕುಲುಮೆಯಲ್ಲಿ ಹುಟ್ಟಿ ಹಳ್ಳಿಯಲ್ಲೇ ಸವೆದ ಬಾಚಿ, ಉಳಿ, ಇಕ್ಕಳ, ಕುಡುಗೋಲು. ಇನ್ನೊಂದು, ಲಾರಿ ಮತ್ತು ಬಸ್ಸುಗಳ ಜೊತೆ ಬೆಳೆದ ರಿಪೇರಿ ಅಂಗಡಿಗಳ ವೈಸ್, ಸ್ಪ್ಯಾನರ್, ಅರ, ಗರಗಸ. ಮೊದಲನೆಯವುಗಳ ಮೇಲೆ ಹೆಸರೇ ಇರುವುದಿಲ್ಲ. ಎರಡನೆಯವುಗಳ ಮೇಲೆ ಷೆಫೀಲ್ಡ್‌ನಿಂದ ಜಲಂಧರ್‌ವರೆಗಿನ ಊರುಗಳ ಹೆಸರಿರಬಹುದು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಕಮ್ಮಾರರೂ ಬಡಗಿಗಳೂ ಆಯಗಾರರ ಸಾಲಿಗೆ ಸೇರಿದವರು. ವರ್ಷವಿಡೀ ರೈತರ ಸಲಕರಣೆಗಳನ್ನು ಮಾಡಿ, ತಟ್ಟಿ, ಹದ ಹಾಕಿ ಕೊಡುವುದು. ಸುಗ್ಗಿಯಲ್ಲಿ ಕಣದಿಂದ ತಮ್ಮ ಪಾಲಿನ ಕಾಳು ಪಡೆಯುವುದು. ಆ ಏರ್ಪಾಡು ಮುಗಿಯಿತು. ಮರದ ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ತೊಡಿಸಿ, ನೀರು ಸುರಿದು ಬಿಗಿಗೊಳಿಸುವ ಕೆಲಸ ಇಂದು ಅಪರೂಪವಾಗಿದೆ. ಕೆಲಸ ನಿಂತ ಮೇಲೆ ಹತಾರ ಮೂಲೆ ಸೇರುತ್ತದೆ. ಮೂಲೆ ಸೇರಿದ್ದು ಒಂದು ದಿನ ಗುಜರಿಗೆ ಹೋಗುತ್ತದೆ. ಅದನ್ನು ಹಿಡಿದು ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಓದಿಕೊಂಡರೆ ಸರಿ. ಕಬ್ಬಿಣ ಕರಗಿದ ಮೇಲೆ, ಹೇಳುವವರೂ ಇಲ್ಲವಾದ ಮೇಲೆ, ಎಷ್ಟು ಹಣ ಕೊಟ್ಟರೂ ಅದನ್ನು ಮರಳಿ ಪಡೆಯಲಾಗದು.

ಮೊದಲು ವೈಸ್‌ನ ವಿಚಾರ ನೋಡೋಣ. ಕೆಲಸದ ವಸ್ತುವನ್ನು ಎರಡು ದವಡೆಗಳ ನಡುವೆ ಅಲುಗದಂತೆ ಹಿಡಿದು, ಕೆಲಸಗಾರನ ಎರಡೂ ಕೈಗಳನ್ನು ಬಿಡುವು ಮಾಡಿಕೊಡುವ ಸಾಧನ ಇದು. ಮೇಲ್ನೋಟಕ್ಕೆ ಎಲ್ಲ ವೈಸ್‌ಗಳೂ ಒಂದೇ ಎನಿಸಿದರೂ ಮುಖ್ಯವಾಗಿ ಮೂರು ಜಾತಿಗಳಿವೆ.

ಒಂದು, ಕಮ್ಮಾರರ ಲೆಗ್ ವೈಸ್. ಇದರ ಒಂದು ಕಾಲು ಉದ್ದಕ್ಕೆ ಇಳಿದು ನೆಲಕ್ಕೆ ಊರಿರುತ್ತದೆ. ಕಾದ ಕಬ್ಬಿಣವನ್ನು ಇದರಲ್ಲಿ ಹಿಡಿದು ಸುತ್ತಿಗೆಯಿಂದ ಬಡಿದರೆ, ಏಟಿನ ಬಲ ಆ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಇದು ಬಡಿತ ತಾಳುತ್ತದೆ. ಇದರ ಮುಂದವಡೆ ಕೆಳಗಿನ ಒಂದು ಕೀಲಿನ ಮೇಲೆ ತಿರುಗುವುದರಿಂದ, ಅಗಲಕ್ಕೆ ತೆರೆದಾಗ ದವಡೆಗಳು ಸಮಾನಾಂತರವಾಗಿ ನಿಲ್ಲುವುದಿಲ್ಲ. ಇದು ಆ ಜಾತಿಯ ಲಕ್ಷಣ, ದೋಷವಲ್ಲ.

ಎರಡನೆಯದು ಫಿಟ್ಟರುಗಳ ಬೆಂಚ್ ವೈಸ್. ಐ.ಟಿ.ಐ.ಯಲ್ಲಿ ಫಿಟ್ಟರ್ ತರಬೇತಿ ಪಡೆದವರಿಗೆಲ್ಲ ಇದರ ಪರಿಚಯವಿದೆ; ಅರ ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡುತ್ತಾ ಇದರ ಮುಂದೆ ದಿನಗಟ್ಟಲೆ ನಿಂತವರು ಅವರು. ಇದರ ಮೈ ಸಾಮಾನ್ಯವಾಗಿ ಬೀಡುಕಬ್ಬಿಣದ ಎರಕ. ದವಡೆಗಳು ಎಷ್ಟು ತೆರೆದರೂ ಸಮಾನಾಂತರವಾಗಿಯೇ ಇರುತ್ತವೆ. ಆದರೆ ಬೀಡುಕಬ್ಬಿಣ ಒತ್ತಡ ತಾಳಿದಷ್ಟು ಏಟನ್ನು ತಾಳದು. ಲೆಗ್ ವೈಸ್‌ನಲ್ಲಿ ಮಾಡುವ ಬಡಿತದ ಕೆಲಸವನ್ನು ಇದರಲ್ಲಿ ಮಾಡಿದ ಕಾರಣಕ್ಕೇ ಎಷ್ಟೋ ಒಳ್ಳೆಯ ವೈಸ್‌ಗಳು ಬಿರುಕು ಬಿಟ್ಟಿವೆ.

ಮೂರನೆಯದು ಬಡಗಿಗಳ ವೈಸ್. ಮೇಜಿನ ಅಂಚಿಗೆ, ಮೇಲ್ಮಟ್ಟಕ್ಕೆ ಸಮನಾಗಿ ಕೂರುತ್ತದೆ. ದವಡೆ ಅಗಲವಾಗಿದ್ದು ಒಳಗೆ ಮರದ ಹಲಗೆ ಹೊದಿಸಿರುತ್ತಾರೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಶಿಪ್ಲಿಯ ಪಾರ್ಕಿನ್ಸನ್ ಕಂಪನಿಯ ‘ಪರ್ಫೆಕ್ಟ್’ ವೈಸ್ ಈ ಜಾತಿಯಲ್ಲಿ ಹೆಸರುವಾಸಿ. ಅದರ ಸನ್ನೆಯನ್ನು ಒತ್ತಿದರೆ ಅರ್ಧ ನಟ್ಟು ತಿರುಪಿನಿಂದ ಕಳಚಿಕೊಂಡು ದವಡೆ ಒಮ್ಮೆಲೇ ಸರಿಯುತ್ತದೆ. ಸನ್ನೆ ಬಿಟ್ಟರೆ ಮತ್ತೆ ಕಚ್ಚಿಕೊಳ್ಳುತ್ತದೆ.

ಇನ್ನು ಗುರುತು ಹಿಡಿಯುವ ಬಗೆ. ವೈಸ್‌ನ ಬದಿ, ಹಿಂಭಾಗ, ಜಾರುಪಟ್ಟಿಯ ತುದಿ ಇವುಗಳನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಕಾಣುತ್ತದೆ. ಅದರ ಮೇಲೆ ತೆಳು ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿದರೆ ಮುದ್ರೆ ಕಾಗದಕ್ಕೆ ಇಳಿಯುತ್ತದೆ. ಮೊಬೈಲ್ ಫೋನಿನಲ್ಲಿ ಚಿತ್ರವನ್ನೂ ತೆಗೆದಿಡಿ.

‘ರೆಕಾರ್ಡ್’ ಎಂಬ ಹೆಸರಿದ್ದರೆ ಅದು ಷೆಫೀಲ್ಡ್‌ನ ಹ್ಯಾಂಪ್ಟನ್ ಕಂಪನಿಯ ಸರಕು. ಅದರ ನೀಲಿ ಬಣ್ಣ ಎಷ್ಟೋ ಜನ ಕೆಲಸಗಾರರ ಕಣ್ಣಿನಲ್ಲಿ ಕೂತಿದೆ. ಪಕ್ಕದಲ್ಲಿ 3 ಎಂಬ ಅಂಕಿ ಇದ್ದರೆ ಮೂರು ಇಂಚು ಎಂದು ಭಾವಿಸಬೇಡಿ. ಅದು ಮಾದರಿಯ ಸಂಖ್ಯೆ, ದವಡೆಯ ಅಗಲ 4 ಇಂಚು. ‘ವೋಡನ್’ ಎಂದಿದ್ದರೆ ವೆಡ್ನೆಸ್‌ಬರಿಯದು, ‘ಪ್ಯಾರಮೊ’ ಎಂದಿದ್ದರೆ ಅದೂ ಷೆಫೀಲ್ಡ್‌ನದೇ. ತೋಪಡದ ಮೇಲೆ ‘ಸ್ಟ್ಯಾನ್ಲಿ’, ‘ಬೈಲಿ’ ಎಂದಿದ್ದರೆ ಮೂಲ ವಿನ್ಯಾಸ ಅಮೆರಿಕದ್ದು. ಸ್ಟ್ಯಾನ್ಲಿಯ 5ನೆಯ ನಂಬರಿನ ತೋಪಡವನ್ನೇ ಹೋಲುವುದನ್ನು ರೆಕಾರ್ಡ್ ಕಂಪನಿ ಸೊನ್ನೆ ಸೇರಿಸಿ 05 ಎಂದು ಕರೆಯಿತು. ಉಳಿಯ ಮೇಲೆ ಮೂರೆಲೆಯ ಶ್ಯಾಮ್‌ರಾಕ್ ಚಿತ್ರವಿದ್ದರೆ ಅದು ಮಾರ್ಪಲ್ಸ್ ಕಂಪನಿಯ ಗುರುತು.

ಹಳೆಯ ಉಳಿಗಳ ಮೇಲೆ ಇಂಗ್ಲಿಷಿನಲ್ಲಿ ‘ಕಾಸ್ಟ್ ಸ್ಟೀಲ್’ ಎಂದು ಹೊಡೆದಿರುವುದುಂಟು. ಕಾಸ್ಟ್ ಎಂದರೆ ಎರಕ, ಆದ್ದರಿಂದ ಇದು ಬೀಡು, ಕೆಳದರ್ಜೆಯದು ಎಂದು ಹಲವರು ಕಡೆಗಣಿಸುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ. 1740ರ ದಶಕದಲ್ಲಿ ಷೆಫೀಲ್ಡ್‌ನ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಕರಗಿಸಿ ತೆಗೆದ ಶುದ್ಧ ಉಕ್ಕಿಗೆ ಬಂದ ಹೆಸರು ಅದು. ಅಂಥ ಉಳಿ ಕೈಗೆ ಸಿಕ್ಕರೆ ಬಿಡಬೇಡಿ. ಅದರ ಅಂಚು ಬಹಳ ಹೊತ್ತು ಹರಿತವಾಗಿ ನಿಲ್ಲುತ್ತದೆ.

ಕಾಲವನ್ನು ಅಂದಾಜು ಮಾಡಲು ಕೆಲವು ಸುಳಿವುಗಳಿವೆ. ಸರಕಿನ ಮೇಲೆ ದೇಶದ ಹೆಸರು ಹಾಕುವ ವಾಡಿಕೆ ಬ್ರಿಟನ್ನಿನ 1887ರ ಕಾಯಿದೆ ಮತ್ತು ಅಮೆರಿಕದ 1890ರ ಸುಂಕ ಕಾಯಿದೆಯ ಮೇಲೆ ಬಲವಾಯಿತು. ಹಾಗಾಗಿ ‘ಮೇಡ್ ಇನ್ ಇಂಗ್ಲೆಂಡ್’ ಎಂದಿರುವುದು ಬಹುಮಟ್ಟಿಗೆ ಅದರ ನಂತರದ್ದು. ಪಶ್ಚಿಮ ಜರ್ಮನಿ ಎಂದಿದ್ದರೆ 1949ರಿಂದ 1990ರ ನಡುವಿನದು. ಐ.ಎಸ್.ಐ. ಮುದ್ರೆ ಇದ್ದರೆ ಅದು 1950ರ ದಶಕದ ಮಧ್ಯಭಾಗಕ್ಕಿಂತ ಹಳೆಯದಾಗಿರಲಾರದು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆ ಜಾರಿಗೆ ಬರತೊಡಗಿದ್ದು 1958ರಲ್ಲಿ. ಮಿಲಿಮೀಟರಿನ ಗುರುತು ಮಾತ್ರ ಇರುವ ದೇಶೀ ಹತಾರವನ್ನು ಅದಕ್ಕೂ ಹಿಂದಕ್ಕೆ ತಳ್ಳಬಾರದು. ಆದರೆ ಇಂಚಿನ ಗುರುತು ಇದ್ದಮಾತ್ರಕ್ಕೆ ಹಳೆಯದೆಂದೂ ಹೇಳಲಾಗದು, ಏಕೆಂದರೆ ನಮ್ಮ ಅಂಗಡಿಗಳಲ್ಲಿ ಇಂಚು ಇನ್ನೂ ಬದುಕಿದೆ. ‘ಟಪಾರಿಯಾ’ ಎಂಬ ಹೆಸರಿನ ಸ್ಪ್ಯಾನರ್ ಅಥವಾ ಇಕ್ಕಳ ಕಂಡರೆ, ಆ ಕಂಪನಿ ಸ್ವೀಡನ್ನಿನ ಬಾಕೊ ಸಂಸ್ಥೆಯ ತಾಂತ್ರಿಕ ಸಹಯೋಗದೊಡನೆ ಶುರುವಾದದ್ದು 1965ರಲ್ಲಿ ಎಂಬುದು ನೆನಪಿರಲಿ. ಹೀಗೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಖಚಿತವಾಗಿ ಹೇಳುವುದೇ ಕಾಲನಿರ್ಣಯದ ಮೊದಲ ಮೆಟ್ಟಿಲು.

ತಾರೀಖು ಕಂಡೊಡನೆ ನಂಬುವುದೂ ಅಪಾಯ. ಅಮೆರಿಕದ ಷಿಕಾಗೋದಲ್ಲಿ 1941ರಲ್ಲಿ ಶುರುವಾದ ವಿಲ್ಟನ್ ಕಂಪನಿಯ ಗುಂಡಿನಾಕಾರದ ವೈಸ್‌ಗಳ ಅಡಿಯಲ್ಲಿ ತಿಂಗಳು, ವರ್ಷ ಹೊಡೆದಿರುತ್ತದೆ. ಅದು ತಯಾರಾದ ದಿನವಲ್ಲ, ಐದು ವರ್ಷದ ಗ್ಯಾರಂಟಿ ಮುಗಿಯುವ ದಿನ. ಮುದ್ರೆಯ ಅರ್ಥ ಗೊತ್ತಿಲ್ಲದಿದ್ದರೆ ಅಂಕಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಹಾಗೆಯೇ ಕಮ್ಮಾರರ ಅಡಿಗಲ್ಲಿನ ಮೇಲಿನ ಅಂಕಿಗಳು. ಡಡ್ಲಿಯ ಪೀಟರ್ ರೈಟ್ ಮೊದಲಾದ ಇಂಗ್ಲಿಷ್ ತಯಾರಕರು ಅಡಿಗಲ್ಲಿನ ಬದಿಯಲ್ಲಿ ಮೂರು ಅಂಕಿಗಳನ್ನು ಬಿಡಿಬಿಡಿಯಾಗಿ ಹೊಡೆಯುತ್ತಿದ್ದರು. ಉದಾಹರಣೆಗೆ 1, 2, 10 ಎಂದಿದೆಯೆನ್ನಿ. ಅದು ಇಸವಿಯೂ ಅಲ್ಲ, ಮಾದರಿಯ ಸಂಖ್ಯೆಯೂ ಅಲ್ಲ, ತೂಕ. ಮೊದಲ ಅಂಕಿ ಹಂಡ್ರೆಡ್‌ವೇಟ್, ಅಂದರೆ 112 ಪೌಂಡು. ಎರಡನೆಯದು ಅದರ ಕಾಲುಭಾಗ, ತಲಾ 28 ಪೌಂಡು. ಮೂರನೆಯದು ಬಿಡಿ ಪೌಂಡು. ಕೂಡಿಸಿದರೆ 112, 56, 10, ಒಟ್ಟು 178 ಪೌಂಡು. ಇಂದಿನ ಲೆಕ್ಕದಲ್ಲಿ ಸುಮಾರು 81 ಕಿಲೋ. ಗುಜರಿಯ ತಕ್ಕಡಿ ಬೇಡವೇ ಬೇಡ. ಅಡಿಗಲ್ಲೇ ತನ್ನ ತೂಕ ಹೇಳುತ್ತದೆ.

ಮೇಲ್ಮುಖವಾದ ಅಗಲ ಬಾಣದ ಗುರುತು ಕಂಡರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ಬಾಣದ ಅಡಿ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ ಇಂಡಿಯಾದ ಉಗ್ರಾಣದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಹೆಚ್ಚುವರಿ ಸಾಮಾನು ವಿಲೇವಾರಿಯಾದಾಗ ಇಂಥವು ಖಾಸಗಿ ಅಂಗಡಿಗಳಿಗೆ ಬಂದವು.

ವಿದೇಶೀ ಹೆಸರುಗಳಲ್ಲೇ ಮೈಮರೆಯುವುದು ಬೇಡ. ಹಾಸನದ ಮೈಸೂರು ಇಂಪ್ಲಿಮೆಂಟ್ಸ್ ಫ್ಯಾಕ್ಟರಿಯಲ್ಲಿ ರೈತರ ಸಲಕರಣೆಗಳು ತಯಾರಾಗುತ್ತಿದ್ದವು. ಪಂಜಾಬಿನ ಜಲಂಧರ್ ಮತ್ತು ಲೂಧಿಯಾನ, ರಾಜಸ್ಥಾನದ ನಾಗೌರ್ ಊರುಗಳು ಕೈ ಹತಾರಗಳಿಗೆ ಹೆಸರಾದವು. ಇವುಗಳ ಮುದ್ರೆಗಳನ್ನು ದಾಖಲಿಸಿಟ್ಟವರು ಷೆಫೀಲ್ಡ್ ಮುದ್ರೆಗಳನ್ನು ದಾಖಲಿಸಿದವರಿಗಿಂತ ತೀರಾ ಕಡಿಮೆ. ಗುಂಡ್ಲುಪೇಟೆಯ ಗ್ಯಾರೇಜೊಂದರಲ್ಲಿ ಸಿಗುವ ದೇಶೀ ವೈಸ್‌ನ ಮುದ್ರೆಯನ್ನು ನೀವು ಬರೆದಿಟ್ಟರೆ, ಅದನ್ನು ಬರೆದಿಟ್ಟವರಲ್ಲಿ ನೀವೇ ಮೊದಲಿಗರಾಗಿರಬಹುದು.

ಇನ್ನು ಹೆಸರೇ ಇಲ್ಲದ ಹತಾರಗಳು. ಕುಲುಮೆಯಲ್ಲಿ ಹುಟ್ಟಿದ ಬಾಚಿಗೆ ಕಂಪನಿಯಿಲ್ಲ. ಆದರೂ ಅದು ಮೂಕವಲ್ಲ. ಕಿವಿಯಿಟ್ಟು ಕೇಳಿದರೆ ಅದರ ಕಾವು ಬಲಗೈಯವರದೋ ಎಡಗೈಯವರದೋ, ಅಲಗು ಎಷ್ಟು ಸಲ ಸಾಣೆ ಕಂಡಿದೆ, ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದೋ ಅಥವಾ ಮೆದುಕಬ್ಬಿಣಕ್ಕೆ ಬಾಯಲ್ಲಿ ಮಾತ್ರ ಉಕ್ಕು ಬೆಸೆದದ್ದೋ ಎಂಬುದನ್ನೆಲ್ಲ ಹೇಳುತ್ತದೆ. ಉಕ್ಕಿನ ಕೆಲಸ ಈ ನೆಲಕ್ಕೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ ತೆಗೆಯುವ, ಉಕ್ಕು ಮಾಡುವ ಬಗೆಯನ್ನು ವಿವರವಾಗಿ ಬರೆದಿದ್ದಾನೆ. ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲಿ ‘ವೂಟ್ಸ್’ ಎಂದು ಪ್ರಸಿದ್ಧವಾದ ಪದ ನಮ್ಮ ‘ಉಕ್ಕು’ ಎಂಬ ಮಾತಿನಿಂದ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಅಂಥ ನಾಡಿನಲ್ಲಿ ಹತಾರದ ಹೆಸರುಗಳೇ ಮರೆತುಹೋಗುತ್ತಿವೆ. ಬೈರಿಗೆ, ಮೂಲೆಮಟ್ಟ, ಚಾಣ, ಕೊಡತಿ, ತಿದಿ ಎಂಬ ಮಾತುಗಳನ್ನು ನಿಮ್ಮ ಮನೆಯ ಮಕ್ಕಳಿಗೆ ಹೇಳಿ ನೋಡಿ. ಎಷ್ಟು ಗೊತ್ತಾಗುತ್ತವೆ ಎಂದು ನಿಮಗೇ ತಿಳಿಯುತ್ತದೆ.

ಈಗ ಕೊಳ್ಳುವ ವಿಚಾರ. ಹಳೆಯ ವೈಸ್ ಕೊಳ್ಳುವಾಗ ಐದು ಪರೀಕ್ಷೆಗಳು ಸಾಕು. ಮೊದಲನೆಯದಾಗಿ, ಸಣ್ಣ ಸುತ್ತಿಗೆಯಿಂದ ಮೈಯನ್ನು ಮೆಲ್ಲಗೆ ತಟ್ಟಿ. ಗಟ್ಟಿ ಎರಕ ಟಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಒಡಕು ಮಡಕೆಯಂತೆ ಸೊರಗಿದ ಸದ್ದು ಮಾಡುತ್ತದೆ. ಎರಡು, ದವಡೆಯನ್ನು ಪೂರಾ ತೆರೆದು, ಪೂರಾ ಮುಚ್ಚಿ, ಎಲ್ಲಿಯೂ ತಡೆಯಬಾರದು. ಮೂರು, ಅರ್ಧ ತೆರೆದು ಮುಂದವಡೆಯನ್ನು ಮೇಲೆ ಕೆಳಗೆ, ಎಡ ಬಲ ಅಲುಗಿಸಿ. ಸ್ವಲ್ಪ ಸಡಿಲ ಸಹಜ. ಲಟಲಟ ಎಂದರೆ ಬಹಳ ಸವೆದಿದೆ. ನಾಲ್ಕು, ದವಡೆಗಳ ನಡುವೆ ಕಾಗದದ ಚೂರಿಟ್ಟು ಬಿಗಿಮಾಡಿ. ಎರಡೂ ತುದಿಯಲ್ಲಿ ಕಾಗದ ಸಮನಾಗಿ ಕಚ್ಚಿಕೊಳ್ಳಬೇಕು. ಐದು, ಹಿಡಿಯ ಸರಳು ಬಾಗಿದೆಯೇ ನೋಡಿ. ಬಾಗಿದ್ದರೆ ಯಾರೋ ಅದಕ್ಕೆ ಪೈಪು ತೊಡಿಸಿ ಬಲವಂತ ಮಾಡಿದ್ದಾರೆ. ಒಳಗಿನ ತಿರುಪು ಮತ್ತು ನಟ್ಟನ್ನು ಇನ್ನಷ್ಟು ಎಚ್ಚರದಿಂದ ಪರೀಕ್ಷಿಸಬೇಕು.

ಕೊಳ್ಳುವವರಿಗೆ ಎರಡು ಧರ್ಮಸೂಕ್ಷ್ಮಗಳು. ವಸ್ತುವಿನ ಬೆಲೆ ನಿಮಗೆ ಗೊತ್ತಿದ್ದು ಮಾರುವವರಿಗೆ ಗೊತ್ತಿಲ್ಲದಿದ್ದರೆ ಹೇಳಿಬಿಡಿ. ಎಷ್ಟೋ ಮನೆಯವರು ವಿಷಯ ತಿಳಿದ ಮೇಲೆ ‘ಹಾಗಾದರೆ ನಾವೇ ಇಟ್ಟುಕೊಳ್ಳುತ್ತೇವೆ’ ಎನ್ನಬಹುದು. ಅದಕ್ಕಿಂತ ಒಳ್ಳೆಯದು ಏನಿದೆ? ಎರಡನೆಯದು, ದುಡಿಯುತ್ತಿರುವ ಕೈಯಿಂದ ಹತಾರ ಕೊಳ್ಳಬೇಡಿ. ಸಂಗ್ರಹದ ಕಪಾಟಿಗಿಂತ ಕುಲುಮೆಯೇ ಅದಕ್ಕೆ ಯೋಗ್ಯವಾದ ಜಾಗ.

ಇನ್ನು ದುರಸ್ತಿ. ಇಲ್ಲಿ ಒಂದೇ ಸೂತ್ರ: ಹತಾರ ಕೆಲಸಕ್ಕೆ ಬರಬೇಕು, ಹೊಸದರಂತೆ ಹೊಳೆಯಬೇಕಾಗಿಲ್ಲ. ವಿದ್ಯುತ್ ಗ್ರೈಂಡರಿಗೆ ಕೊಟ್ಟು ಥಳಥಳ ಮಾಡಿಸುವುದು ಅತಿ ಸುಲಭ. ಆ ಐದು ನಿಮಿಷದಲ್ಲಿ ತಯಾರಕರ ಮುದ್ರೆ, ಒಡೆಯರು ಉಳಿಯಿಂದ ಕೊರೆದ ಅಕ್ಷರ, ದವಡೆಯ ಗೆರೆಗಳು ಎಲ್ಲವೂ ಅಳಿಸಿಹೋಗುತ್ತವೆ. ಅಷ್ಟೇ ಅಲ್ಲ, ಉಳಿಯ ಅಂಚು ಗ್ರೈಂಡರಿನಲ್ಲಿ ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಸುಮಾರು 300 ಡಿಗ್ರಿ ಶಾಖ ತಾಗಿದೆ, ಉಕ್ಕಿನ ಹದ ಹೋಗಿದೆ ಎಂದೇ ಅರ್ಥ. ಅಂಥ ಅಂಚು ಮರ ಮುಟ್ಟಿದೊಡನೆ ಮಡಿಚಿಕೊಳ್ಳುತ್ತದೆ. ಸಾಣೆಕಲ್ಲು, ನೀರು, ತಾಳ್ಮೆ ಈ ಮೂರು ಇದ್ದರೆ ಈ ಅಪಾಯವಿಲ್ಲ.

ಬಿಗಿದುಕೊಂಡ ತಿರುಪಿಗೆ ಸೀಮೆಎಣ್ಣೆ ಅಥವಾ ಡೀಸೆಲ್‌ಗೆ ಯಂತ್ರದ ಎಣ್ಣೆ ಬೆರೆಸಿ ಹಾಕಿ, ಒಂದೆರಡು ದಿನ ಬಿಡಿ. ನಡುನಡುವೆ ಮರದ ಕೊಡತಿಯಿಂದ ತಟ್ಟಿ, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಗ್ಯಾಸ್ ಜ್ವಾಲೆಯಿಂದ ಒಂದೇ ಕಡೆ ಕಾಯಿಸಿದರೆ ಬೀಡುಕಬ್ಬಿಣ ಸೀಳಬಹುದು; ಎಣ್ಣೆ ಹಾಕಿದ ಮೇಲಂತೂ ಬೆಂಕಿಯ ಹತ್ತಿರ ಒಯ್ಯಲೇಬಾರದು. ಬಿಚ್ಚುವಾಗ ಪ್ರತಿ ಭಾಗದ ಚಿತ್ರ ತೆಗೆದು, ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಿ.

ತುಕ್ಕು ತೆಗೆಯಲು ಸಣ್ಣ ವಸ್ತುಗಳಿಗೆ ಹುಣಸೆಹಣ್ಣಿನ ನೀರು ಅಥವಾ ವಿನೆಗರ್ ಸಾಕು. ಕೆಲವು ಗಂಟೆ ನೆನೆಸಿ, ನಡುವೆ ತೆಗೆದು ನೋಡಿ, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜಿ. ಹುಳಿ ಕಬ್ಬಿಣವನ್ನೂ ತಿನ್ನುವುದರಿಂದ ಮರೆತು ದಿನಗಟ್ಟಲೆ ಬಿಡಬಾರದು. ನಂತರ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ತಡಮಾಡಿದರೆ ಕಣ್ಣೆದುರಿಗೇ ಹೊಸ ತುಕ್ಕು ಏಳುತ್ತದೆ.

ದೊಡ್ಡ ಭಾಗಗಳಿಗೆ ವಿದ್ಯುತ್ ವಿಧಾನ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಕರಗಿಸಿ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಹತಾರಕ್ಕೂ, ಧನ ತಂತಿಯನ್ನು ಬೇಡವಾದ ಕಬ್ಬಿಣದ ತುಂಡಿಗೂ ಸೇರಿಸಿ. ಎರಡೂ ಒಂದಕ್ಕೊಂದು ತಾಗಬಾರದು. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಏಕೆಂದರೆ ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಮೇಲೇಳುವ ಗುಳ್ಳೆಗಳಲ್ಲಿ ಜಲಜನಕ ಇರುವುದರಿಂದ ಬಯಲಿನಲ್ಲಿಯೇ ಮಾಡಬೇಕು, ಹತ್ತಿರ ಬೀಡಿ ಸಿಗರೇಟು ಹೊತ್ತಿಸಬಾರದು. ನೀರಿಗೆ ಕೈ ಹಾಕುವ ಮುನ್ನ ವಿದ್ಯುತ್ ನಿಲ್ಲಿಸಬೇಕು. ಈ ವಿಧಾನದಲ್ಲಿ ತುಕ್ಕು ಹೋಗುತ್ತದೆ, ಲೋಹ ಉಳಿಯುತ್ತದೆ, ಮುದ್ರೆಯೂ ಉಳಿಯುತ್ತದೆ.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ, ಮೂಗಿಗೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಟ್ಟು ತೆಗೆಯಿರಿ. ಮೂಲ ಬಣ್ಣ ಗಟ್ಟಿಯಾಗಿದ್ದರೆ ಹಾಗೆಯೇ ಬಿಡುವುದು ಎಲ್ಲಕ್ಕಿಂತ ಮೇಲು.

ಬಿರುಕು ಬಿಟ್ಟ ಬೀಡಿಗೆ ಸಾಮಾನ್ಯ ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಇಡೀ ಭಾಗವನ್ನು ಸಮನಾಗಿ ಕಾಯಿಸಿ ಹಿತ್ತಾಳೆ ಬೆಸುಗೆ ಹಾಕುವುದನ್ನು, ಇಲ್ಲವೇ ನಿಕ್ಕಲ್ ಕಡ್ಡಿಯ ವೆಲ್ಡಿಂಗನ್ನು ಬಲ್ಲವರ ಕೈಗೆ ಕೊಡಿ. ಸವೆದ ದವಡೆಪಟ್ಟಿಗಳನ್ನು ತಿರುಪು ಬಿಚ್ಚಿ ಬದಲಾಯಿಸಬಹುದು. ಹಳೆಯ ಪಟ್ಟಿಗಳನ್ನು ಎಸೆಯದೆ ಜೊತೆಗೇ ಕಟ್ಟಿಡಿ. ಸುತ್ತಿಗೆ, ಕೊಡಲಿಗಳ ಕಾವಿಗೆ ನಮ್ಮ ಕಡೆ ದಿಂಡಿಗ ಮತ್ತು ಜಾಲಿ ಹೆಸರಾದ ಮರಗಳು. ಆದರೆ ಬಂಡೀಪುರ ಹುಲಿ ಯೋಜನೆಯ ಕಾಡು; 1973ರಲ್ಲಿ ಆ ಯೋಜನೆಗೆ ಸೇರಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅಲ್ಲಿಂದ ಒಂದು ಕಡ್ಡಿಯನ್ನೂ ತರುವಂತಿಲ್ಲ. ಹೊಲದ ಬದುವಿನ ಜಾಲಿ, ಇಲ್ಲವೇ ಮರದ ಡಿಪೋದ ತುಂಡು ಸಾಕು. ಕಾವಿಗೆ ಅಗಸೆ ಎಣ್ಣೆ ಸವರಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಿಡಿಸಿ ಬಯಲಿನಲ್ಲಿ ಒಣಹಾಕಿ. ಕಬ್ಬಿಣಕ್ಕೆ ಅಡುಗೆ ಎಣ್ಣೆ ಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ; ಯಂತ್ರದ ಎಣ್ಣೆಯೇ ಸರಿ.

ನಮ್ಮಲ್ಲಿ ಹತಾರಗಳಿಗೆ ವರ್ಷಕ್ಕೊಂದು ದಿನ ಮೀಸಲಿದೆ. ಮಹಾನವಮಿಯ ಆಯುಧಪೂಜೆಯಂದು ಮೈಸೂರು ಸೀಮೆಯಲ್ಲಿ ಕುಲುಮೆಯಿಂದ ಕಾರ್ಖಾನೆಯವರೆಗೆ ಎಲ್ಲ ಸಲಕರಣೆಗಳನ್ನೂ ತೊಳೆದು, ಗಂಧ ಕುಂಕುಮ ಇಟ್ಟು, ಹೂ ಮುಡಿಸುತ್ತೇವೆ. ಆ ಒದ್ದೆ ಗಂಧ, ಕುಂಕುಮ, ಹೂಗಳನ್ನು ವಾರಗಟ್ಟಲೆ ಬಿಟ್ಟರೆ ಅವುಗಳ ಅಡಿಯಲ್ಲೇ ತುಕ್ಕು ಕೂರುತ್ತದೆ. ಪೂಜೆ ಮುಗಿದ ಮೇಲೆ ಭಕ್ತಿಯಿಂದಲೇ ಒರೆಸಿ ಎಣ್ಣೆ ಸವರಿಡಿ. ಇನ್ನೊಂದು ಮಾತು: ಮನೆಯ ಹತಾರಗಳೆಲ್ಲ ಒಂದೆಡೆ ಸೇರುವುದು ಅದೊಂದೇ ದಿನ. ಅವತ್ತು ಒಂದು ನೋಟುಬುಕ್ಕು ತೆರೆಯಿರಿ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ತಾತ, ಇದನ್ನು ಏನಂತ ಕರೀತಿದ್ರಿ? ಇದರಲ್ಲಿ ಏನು ಮಾಡ್ತಿದ್ರಿ? ಎಲ್ಲಿಂದ ತಂದ್ರಿ?’ ಎಂದು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳಿ. ಅಳತೆ, ಮುದ್ರೆಯ ನಕಲು, ಮಾಡಿದ ದುರಸ್ತಿ ಇವೂ ಇರಲಿ. ಹಳೆಯ ರಸೀತಿ ಸಿಕ್ಕರೆ ಅಂಟಿಸಿಡಿ. ಅದರಲ್ಲಿ ಗುಂಡ್ಲುಪೇಟೆ, ಮೈಸೂರು ಜಿಲ್ಲೆ ಎಂದಿದ್ದರೆ ಅದೂ ಒಂದು ಸುಳಿವೇ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ.

ಒಬ್ಬರ ಇಂಥ ಆಸಕ್ತಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಷೆಫೀಲ್ಡ್‌ನ ಕೆನ್ ಹಾಲಿ ಅವರ ಉದಾಹರಣೆ ಇದೆ. ಅವರು ಹತಾರಗಳ ವ್ಯಾಪಾರಿ. ಊರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಹತಾರಗಳನ್ನಷ್ಟೇ ಅಲ್ಲ, ಅವುಗಳನ್ನು ಮಾಡುವ ಸಾಧನಗಳನ್ನೂ ಕೆಲಸಗಾರರ ಅರಿವನ್ನೂ ಕೂಡಿಟ್ಟರು. 2014ರಲ್ಲಿ ಅವರು ತೀರಿಕೊಂಡರು. ಅವರ ಸಂಗ್ರಹ ಆ ಊರಿನ ಕೆಲಮ್ ಐಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮಲ್ಲಿಯೂ ಹೆಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಳ್ಳಿಯ ಸಲಕರಣೆಗಳು ಉಳಿದಿವೆ. ಅವುಗಳನ್ನು ಒಮ್ಮೆ ನೋಡಿ ಬನ್ನಿ. ಆದರೆ ಎಲ್ಲವನ್ನೂ ದೊಡ್ಡ ಸಂಗ್ರಹಾಲಯಗಳೇ ಉಳಿಸಲಾರವು. ಒಂದು ಐ.ಟಿ.ಐ., ಒಂದು ಪ್ರೌಢಶಾಲೆ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯ ತನ್ನ ಸುತ್ತಲಿನ ಐದಾರು ಹಳ್ಳಿಗಳ ಹತಾರಗಳ ಒಂದು ಪಟ್ಟಿ ಮಾಡಿದರೂ ಅದು ದೊಡ್ಡ ಕೆಲಸವೇ.

ಕೊನೆಯದಾಗಿ ಯುವಕರಿಗೆ ಒಂದು ಮಾತು. ಹೊಸ ಕಸುಬು ಶುರುಮಾಡುವ ಹುಡುಗನಿಗೆ ಒಳ್ಳೆಯ ಹೊಸ ವೈಸ್ ದುಬಾರಿ ಎನಿಸುತ್ತದೆ. ಅಗ್ಗದ್ದು ವರ್ಷದೊಳಗೆ ಸಡಿಲವಾಗಬಹುದು. ಅದೇ ಹೊತ್ತಿನಲ್ಲಿ ಪಕ್ಕದ ಬೀದಿಯಲ್ಲಿ, ಇನ್ನೊಂದು ತಲೆಮಾರು ದುಡಿಯಬಲ್ಲ ಗಟ್ಟಿ ವೈಸ್ ಕಬ್ಬಿಣದ ದರಕ್ಕೆ ಲಾರಿ ಏರುತ್ತಿರುತ್ತದೆ. ಇವೆರಡರ ನಡುವೆ ಬೇಕಾಗಿರುವುದು ಒಂದು ವಾರದ ತಾಳ್ಮೆ, ಒಂದಿಷ್ಟು ಎಣ್ಣೆ ಮತ್ತು ಗುರುತು ಹಿಡಿಯಬಲ್ಲ ಕಣ್ಣು. ಆ ಕಣ್ಣು ನಿಮ್ಮದಾಗಲಿ. ಮನೆಯ ಹಿತ್ತಿಲಲ್ಲಿ, ಅಟ್ಟದ ಮೇಲೆ ಏನಿದೆಯೆಂದು ಈ ವಾರವೇ ಒಮ್ಮೆ ನೋಡಿ. ಗುಜರಿಯವರನ್ನು ಕರೆಯುವುದು ಆಮೇಲೆಯೂ ಇದ್ದೇ ಇದೆ.